ಏಳು ಪುಟಗಳ ದೇಶ

ಕೊಪ್ಪಳವನ್ನು ಎಂದೂ ಆಳದ ಬ್ರಿಟಿಷರನ್ನು ನಾನು ಮೂವತ್ತು ವರ್ಷ ಕೊಪ್ಪಳದಿಂದ ಓಡಿಸಿದ್ದೇನೆ. ಅದೂ ವರ್ಷಕ್ಕೆ ಎರಡು ಸಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಒಪ್ಪಿಕೊಳ್ಳುತ್ತಿದ್ದೇನೆ, ಈಗ ಯಾರೂ ನೋಟೀಸು ಕೊಡಲಾರರು ಎಂಬ ಧೈರ್ಯ.

ನಮ್ಮ ಭಾಗಕ್ಕೆ ಸ್ವಾತಂತ್ರ್ಯ ಬಂದದ್ದು ತಡವಾಗಿ. ದೇಶವೆಲ್ಲ ಧ್ವಜ ಹಾರಿಸಿ ವರ್ಷದ ಮೇಲೆ ಒಂದು ತಿಂಗಳಾದರೂ ನಾವು ನಿಜಾಮರ ಕೆಳಗೇ ಇದ್ದೆವು. ಬ್ರಿಟಿಷರ ತೋಪು ನಮ್ಮ ಕೋಟೆಯವರೆಗೆ ಬಂದದ್ದುಂಟು, ಆದರೆ ನಮ್ಮ ಅಜ್ಜಂದಿರು ಅರ್ಜಿ ಬರೆದದ್ದು ಹೈದರಾಬಾದಿಗೆ. ಹಾಗಾಗಿ ನಮ್ಮಲ್ಲಿ ಆಗಸ್ಟ್ ಹದಿನೈದಕ್ಕೆ ಒಮ್ಮೆ, ನಿಜಾಮರಿಂದ ಬಿಡುಗಡೆಯಾದ ಸೆಪ್ಟೆಂಬರ್ ಹದಿನೇಳಕ್ಕೆ ಇನ್ನೊಮ್ಮೆ ಧ್ವಜ ಏರುತ್ತದೆ. ಎರಡಕ್ಕೂ ಬೇರೆ ಬೇರೆ ಭಾಷಣ ಬರೆಯುವಷ್ಟು ಪುರುಸೊತ್ತು ಯಾವ ಮಾಸ್ತರಿಗಿದೆ ಹೇಳಿ. ಆಗಸ್ಟಿನದನ್ನೇ ತಾರೀಖು ತಿದ್ದಿ ಸೆಪ್ಟೆಂಬರಿನಲ್ಲಿ ಓದುತ್ತಿದ್ದೆ. ಕುಷ್ಟಗಿ, ಯಲಬುರ್ಗಾದ ಕಡೆಯ ನನ್ನ ಕೆಲವು ಗೆಳೆಯರೂ ಇದೇ ಪಂಥದವರು. ಮಕ್ಕಳ ಕಣ್ಣು ಪೆಪ್ಪರಮಿಂಟಿನ ಡಬ್ಬಿಯ ಮೇಲಿರುವಾಗ ತಕರಾರು ಮಾಡುವವರು ಯಾರು?

ಈ ವರ್ಷ ಸೆಪ್ಟೆಂಬರಿಗೆ ಹಳೆಯ ಶಾಲೆಯವರು ನನ್ನನ್ನು ಅತಿಥಿಯಾಗಿ ಕರೆದರು. ಜೊತೆಗೆ ವಿಷಯವನ್ನೂ ಕೊಟ್ಟರು: ಪರಕೀಯರ ಆಳ್ವಿಕೆ ಇರದಿದ್ದರೆ ನಮ್ಮ ನಾಡು ಹೇಗಿರುತ್ತಿತ್ತು? ನನಗೆ ಹುರುಪು ಬಂತು. ಪಿಂಚಣಿದಾರನಿಗೆ ಒಂದು ಇಡೀ ದೇಶವನ್ನು ಕಟ್ಟಲು ಕೊಟ್ಟರೆ ಬಿಡುತ್ತಾನೆಯೇ? ರೂಢಿಯಂತೆ ಬ್ರಿಟಿಷರನ್ನು ಮೊದಲೇ ಓಡಿಸಿ, ಏಳು ಪುಟಗಳಲ್ಲಿ ಕಟ್ಟಿ ಮುಗಿಸಿದೆ. ಆನೆಗೊಂದಿ ರಾಜಧಾನಿಯಾಯಿತು, ಗಂಗಾವತಿ ಅದರ ಬಡಾವಣೆ. ಹನುಮನಹಳ್ಳಿಯಲ್ಲಿ ಪರದೇಶದ ವಿದ್ವಾಂಸರು ಕನ್ನಡ ಕಲಿಯಲು ಸಾಲುಗಟ್ಟಿ ನಿಂತರು. ರೈಲಿಗಾಗಿ ವರ್ಷಗಟ್ಟಲೆ ಬೇಡಿದ ಯಲಬುರ್ಗಾದವರು ಯಾರನ್ನೂ ಬೇಡದೆ ರೈಲು ಹತ್ತಿದರು. ಜಗತ್ತಿನ ಮಕ್ಕಳೆಲ್ಲ ಕಿನ್ನಾಳದ ಗೊಂಬೆ ತಬ್ಬಿಕೊಂಡು ಮಲಗಿದರು. ಹೆಂಡತಿಗೆ ಓದಿ ಹೇಳಿದೆ. ಆಕೆ ಹಸನು ಮಾಡುತ್ತಿದ್ದ ಅಕ್ಕಿಯಿಂದ ತಲೆ ಎತ್ತದೆ, "ಆ ದೇಶದಾಗರ ನಳ ದಿನಾ ಬರ್ತಾವೇನ್ರಿ?" ಎಂದಳು. ಅದನ್ನು ನಾನು ಯೋಚಿಸಿರಲಿಲ್ಲ.

ಆಕೆಯ ಕೈಯಲ್ಲಿದ್ದದ್ದು ಗಂಗಾವತಿಯ ಅಕ್ಕಿ. ಆ ಅಕ್ಕಿ ತುಂಗಭದ್ರೆಯ ಕಾಲುವೆಯದು. ಆ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು ಪರಕೀಯರ ಕಾಲದಲ್ಲೇ. ಸಂಜೆ ತಿನ್ನುವ ಮಿರ್ಚಿ ಬಜ್ಜಿಯ ಕಥೆ ಇನ್ನೂ ಗಂಭೀರ. ಮೆಣಸಿನಕಾಯಿ ಈ ನೆಲಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಅವರನ್ನು ದಂಡೆಯಿಂದಲೇ ತಿರುಗಿ ಕಳಿಸಿದರೆ ನಮ್ಮ ಮಂಡಕ್ಕಿಯ ಪಕ್ಕಕ್ಕೆ ಏನು ಉಳಿಯುತ್ತದೆ? ಬರೀ ಕಡಲೆಹಿಟ್ಟು. ಇವನ್ನೆಲ್ಲ ನಾನು ಭಾಷಣದಲ್ಲಿ ಬರೆಯಲಿಲ್ಲ. ಕಟ್ಟಿದ ದೇಶವನ್ನು ಒಂದು ಮೆಣಸಿನಕಾಯಿಗಾಗಿ ಕೆಡವುವುದು ಯಾರಿಗೆ ಬೇಕು?

ನನಗೊಂದು ರೂಢಿಯಿದೆ. ಧ್ವಜದ ದಿನಕ್ಕೆ ಹೊಸ ಅಂಗಿ, ಅದನ್ನು ಹೊಲಿಯುವವರು ಖಾಸೀಂಸಾಬರೇ. ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿ. ಅವರು ಗುಂಡಿ ಹಚ್ಚುವಾಗ ನಾನು ಎದುರಿನ ಸ್ಟೂಲಿನ ಮೇಲೆ ಕುಳಿತು ಭಾಷಣವನ್ನು ಒಮ್ಮೆ ಓದಿ ನೋಡುತ್ತೇನೆ. ಮೂವತ್ತು ವರ್ಷ ಅವರು ತುಟಿಯಲ್ಲಿ ಸೂಜಿ ಕಚ್ಚಿಕೊಂಡು ಕೇಳಿದ್ದಾರೆ, ಏನೂ ಅಂದದ್ದಿಲ್ಲ. ಈ ಸಲ ಸೂಜಿ ತೆಗೆದರು. ನಮ್ಮೂರಾಗ ಇಂಗ್ರೇಜರು ಎಲ್ಲಿದ್ದರು, ಇದ್ದವರು ನಿಜಾಮರಲ್ಲವೇ ಎಂದು ಮೆಲ್ಲಗೆ ಕೇಳಿದರು.

ಹೌದಲ್ಲ! ಮೂವತ್ತು ವರ್ಷದ ತಪ್ಪನ್ನು ನಾನು ಅಲ್ಲೇ ಪೆನ್ನು ತೆಗೆದು ಸರಿಪಡಿಸಿದೆ. ಬ್ರಿಟಿಷರು ಇದ್ದಲ್ಲೆಲ್ಲ ನಿಜಾಮರು ಎಂದು ಬರೆದು, ಮತ್ತೆ ಗಟ್ಟಿಯಾಗಿ ಓದಿದೆ. ಹೊರಗಿನಿಂದ ಬಂದವರು ಯಾರೂ ನಮ್ಮವರಲ್ಲ, ಅವರು ಬಾರದೇ ಇದ್ದರೆ ಈ ನಾಡು ಶುದ್ಧವಾಗಿ ಉಳಿಯುತ್ತಿತ್ತು ಎಂಬ ಸಾಲು ಬಂತು. ಬ್ರಿಟಿಷರಿಗೆ ಬರೆದಾಗ ಆ ಸಾಲು ನನಗೆ ಭಾರಿ ಚೆನ್ನಾಗಿ ಕಂಡಿತ್ತು. ಖಾಸೀಂಸಾಬರು ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಸರ, ನಮ್ಮ ಮುತ್ತಜ್ಜ ನಿಜಾಮರ ಪಲ್ಟಣದ ಜೋಡಿ ಬಟ್ಟಿ ಹೊಲಿಯಾಕ ಬಂದು ಇಲ್ಲೇ ಉಳದಾವ್ರಿ. ನಮ್ಮಜ್ಜನೂ ಅರ್ಜಿ ಹಿಡಕೊಂಡು ಅದ ನಿಜಾಮರ ಕಚೇರಿ ಮುಂದ ದಿನಗಟ್ಲೆ ನಿಂತಾನ. ನಿಮ್ಮ ಈ ದೇಶದಾಗ ನಾ ಎಲ್ಲಿ ಇರತೀನ್ರಿ?" ಎಂದರು. ಸೂಜಿಗೆ ಮತ್ತೆ ದಾರ ಪೋಣಿಸುತ್ತಾ, "ನಾ ಇರಲಿ ಬಿಡ್ರಿ. ಅವತ್ತ ರುಬೀನಾ ಮುಂದಿನ ಸಾಲಿನ್ಯಾಗ ಕುಂತಿರತಾಳ" ಎಂದರು. ರುಬೀನಾ ಅವರ ಮೊಮ್ಮಗಳು, ಅದೇ ಶಾಲೆಯ ಏಳನೆಯ ತರಗತಿ.

ನನಗೆ ನಾಚಿಕೆಯಾಯಿತು. ಹಾಳೆಗಳನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಅವರು ಗುಂಡಿ ಹಚ್ಚಿ, ಅಂಗಿ ಮಡಚಿ ಕೊಟ್ಟರು. ಬಾಗಿಲವರೆಗೆ ಬರುವ ವಾಡಿಕೆಯಿತ್ತು, ಅಂದು ಬರಲಿಲ್ಲ. ಮನೆಗೆ ಬಂದು ನನ್ನ ದೇಶದಲ್ಲಿ ಖಾಸೀಂಸಾಬರಿಗೆ ಜಾಗ ಹುಡುಕಿದೆ. ಆನೆಗೊಂದಿಯಲ್ಲಿಲ್ಲ, ಹನುಮನಹಳ್ಳಿಯಲ್ಲಿಲ್ಲ. ಹುಡುಕುತ್ತಾ ಹೋದರೆ ನನಗೂ ಜಾಗ ಸಿಗಲಿಲ್ಲ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಕೃಷ್ಣೆಯ ಆಚೆಯಿಂದ ಎತ್ತು ಹೊಡೆದುಕೊಂಡು ಬಂದವರಂತೆ. ಬಂದದ್ದು ಯಾಕೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ನಾವೂ ಕೇಳಿಲ್ಲ.

ಏಳು ಪುಟ ಒಂದೂವರೆಗೆ ಇಳಿಯಿತು. ಹದಿನೇಳರಂದು ಮೊದಲು ನನ್ನ ಮೂವತ್ತು ವರ್ಷದ ತಪ್ಪನ್ನು ಮಕ್ಕಳ ಮುಂದೆ ಹೇಳಿಬಿಟ್ಟೆ. ನಿಜಾಮರ ಆಳ್ವಿಕೆಯ ಜುಲುಮೆಯನ್ನು ಮುಚ್ಚಿಡಲಿಲ್ಲ, ಅದಕ್ಕೆ ಎದುರು ನಿಂತವರನ್ನು ಮರೆಯಲಿಲ್ಲ. ಆದರೆ ಆಳಲು ಬಂದವರು ಬೇರೆ, ಬಾಳಲು ಬಂದವರು ಬೇರೆ ಎಂದೆ. ಖಾಸೀಂಸಾಬರ ಹೆಸರು ಹಿಡಿದೇ, ಅವರ ಅಜ್ಜ ಅರ್ಜಿಯೊಂದಿಗೆ ಕಚೇರಿಯ ಮುಂದೆ ನಿಂತದ್ದನ್ನು ಹೇಳಿದೆ. ಕೊನೆಗೆ, ಹೊರಗಿನಿಂದ ಏನೂ ಬಾರದ ದೇಶದಲ್ಲಿ ಮಿರ್ಚಿಯೂ ಇರುವುದಿಲ್ಲ ಎಂದೆ.

ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ರುಬೀನಾ ಎದ್ದು ನಿಂತಳು. "ಹಂಗಾದ್ರ ಆ ದೇಶ ನಮಗ ಬ್ಯಾಡ್ರಿ ಸರ" ಎಂದಳು. ಅಕ್ಕಪಕ್ಕದ ಹುಡುಗಿಯರೆಲ್ಲ ಬ್ಯಾಡ್ರಿ, ಬ್ಯಾಡ್ರಿ ಎಂದು ದನಿಗೂಡಿಸಿದರು.

ನನ್ನ ದೇಶ ಹೀಗೆ ಒಂದೇ ನಿಮಿಷದಲ್ಲಿ ಬಿದ್ದುಹೋಯಿತು. ಕೆಡವಿದವರು ಪೆಪ್ಪರಮಿಂಟಿಗೆ ಕೈ ಚಾಚಿದರು. ಮೊಮ್ಮಗಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಖಾಸೀಂಸಾಬರು ಎದ್ದು ಬಂದು, ಎಲ್ಲರೆದುರು ನನ್ನ ಕಾಲರು ಸರಿಮಾಡಿ, ಗೇಟಿನವರೆಗೂ ಜೊತೆಗೆ ನಡೆದರು. ಅಲ್ಲಿಂದ ಇಬ್ಬರೂ ಮಿರ್ಚಿ ತಿನ್ನಲು ಹೋದೆವು.