ರೊಟ್ಟಿ ಬಡಿಯುವ ಚಾನೆಲ್ಲು

ಅಮೆರಿಕದ ಫ್ರೀಮಾಂಟ್ ಬಳಿಯ ಈ ಪುಟ್ಟ ಟೀವಿ ಸ್ಟುಡಿಯೊದಲ್ಲಿ ಊರಿನವರು ಯಾರು ಬೇಕಾದರೂ ಕಾರ್ಯಕ್ರಮ ಮಾಡಬಹುದು. ಷರತ್ತು ಒಂದೇ, ಇನ್ನೊಬ್ಬರ ಕಾರ್ಯಕ್ರಮಕ್ಕೂ ದುಡಿಯಬೇಕು. ಇವತ್ತು ಧಾರವಾಡದ ಶಾಂತಕ್ಕನ ಜೋಳದ ರೊಟ್ಟಿ. ಕ್ಯಾಮೆರಾ ಹಿಡಿಯಬೇಕಿದ್ದ ಮೈಸೂರಿನ ನಾಸಿರ್ ಸಾಹೇಬರು ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಸುಮ್ಮನೆ ನೋಡಲು ಬಂದ ನನ್ನನ್ನೇ ಶಾಂತಕ್ಕ ಕ್ಯಾಮೆರಾ ಹಿಂದೆ ನಿಲ್ಲಿಸಿಬಿಟ್ಟರು.

“ಇದನ್ನ ಯಾರಾದ್ರೂ ನೋಡ್ತಾರಾ, ಶಾಂತಕ್ಕ?” ಎಂದೆ.

“ಯಾರಿಗ್ಗೊತ್ತ ತಂಗಿ! ಎಲ್ಲಾರೂ ಕೇಬಲ್ ತಗಿಸ್ಯಾರ. ಮುಂದಿನ ವರ್ಷ ಈ ಸ್ಟುಡಿಯೊ ಇರ್ತದೋ ಇಲ್ಲೋ,” ಎಂದು ನಗುತ್ತಲೇ ಹಿಟ್ಟು ನಾದಿದರು. ವೀಕ್ಷಕರ ಕರೆಗೆಂದು ಮೇಜಿನ ಮೇಲಿಟ್ಟ ಫೋನು ಎಷ್ಟೋ ತಿಂಗಳಿಂದ ಸದ್ದೇ ಮಾಡಿಲ್ಲವಂತೆ.

ನೇರ ಪ್ರಸಾರ ಶುರುವಾಯಿತು. ಬಡಿಯುವ ಹುರುಪಿನಲ್ಲಿ ಶಾಂತಕ್ಕನ ಮುಖ ಎಷ್ಟು ಕಳೆಗಟ್ಟಿತ್ತೆಂದರೆ, ನಾನು ಕ್ಯಾಮೆರಾವನ್ನು ಅಲ್ಲಿಂದ ಕದಲಿಸಲೇ ಇಲ್ಲ. ಇನ್ನೇನು ರೊಟ್ಟಿ ಹೆಂಚಿಗೆ ಹೋಗಬೇಕು, ಫೋನು ರಿಂಗಾಯಿತು. ವಯಸ್ಸಾದ ಅಮೆರಿಕನ್ ಹೆಂಗಸೊಬ್ಬರು ಸ್ಪೀಕರಿನಲ್ಲಿ ಗದರಿದರು: ಮುಖ ಸಾಕು, ಕೈ ತೋರಿಸಿ, ನಾನೂ ಇಲ್ಲಿ ಹಿಟ್ಟು ಕಲಸಿಕೊಂಡು ಕೂತಿದ್ದೇನೆ!

ನಾನು ಕ್ಯಾಮೆರಾವನ್ನು ಶಾಂತಕ್ಕನ ಕೈಗಳತ್ತ ಇಳಿಸಿದೆ. ಶಾಂತಕ್ಕ ಬಡಿದು ಮುಗಿಸಿದ್ದ ರೊಟ್ಟಿಯನ್ನು ಮತ್ತೆ ಉಂಡೆ ಮಾಡಿ, ಮೊದಲಿನಿಂದ ಬಡಿಯತೊಡಗಿದರು.