ಮುಟ್ಟಿದರೆ ಕೂಗುವ ಅಂಗಿ

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಹೆಬ್ಬಗೋಡಿಯಲ್ಲಿ ಇನ್ನೂ ಖಾಲಿ ಸೈಟುಗಳು ಉಳಿದಿದ್ದವು. ನಮ್ಮ ವಠಾರದ ಹಿಂದೆಯೇ ಅಂಥದ್ದೊಂದಿತ್ತು. ಒಂದು ಮೂಲೆಯಲ್ಲಿ ಇಟ್ಟಿಗೆ ಚೂರಿನ ಗುಡ್ಡೆ, ಇನ್ನೊಂದರಲ್ಲಿ ಎಕ್ಕದ ಗಿಡ, ನಡುವೆ ನಾವು ಓಡಿ ಓಡಿ ಗಟ್ಟಿಯಾಗಿದ್ದ ಕೆಂಪು ನೆಲ. ಸಂಜೆ ಕಂಪನಿ ಬಸ್ಸುಗಳು ಹೊಸೂರು ರೋಡಿನಲ್ಲಿ ಹಾರನ್ ಹೊಡೆಯುತ್ತ ಸಾಲುಗಟ್ಟುವ ಹೊತ್ತಿಗೆ ಅಲ್ಲಿ ನಮ್ಮ ಜೂಟಾಟ ಶುರುವಾಗುತ್ತಿತ್ತು. ಒಬ್ಬರು ಅಟ್ಟಿಸಿಕೊಂಡು ಬರಬೇಕು, ಉಳಿದವರು ತಪ್ಪಿಸಿಕೊಳ್ಳಬೇಕು, ಮುಟ್ಟಿಸಿಕೊಂಡವರು ಔಟ್. ಆಟ ಇಷ್ಟೇ ಆದರೂ ಜಗಳವಿಲ್ಲದೆ ಮುಗಿದ ದಿನ ನನಗೆ ನೆನಪಿಲ್ಲ.

ಓಟದಲ್ಲಿ ನಾನು ಚುರುಕು. ಕೊಪ್ಪಳದ ಕಡೆಯಿಂದ ಬಂದ ಹೊಸದರಲ್ಲಿ ನನ್ನ ಮಾತನ್ನು ಅಣಕಿಸುತ್ತಿದ್ದ ಮಕ್ಕಳೇ ಆಮೇಲೆ ಶರಣಿಯನ್ನು ಯಾರೂ ಮುಟ್ಟೋಕಾಗಲ್ಲ ಎನ್ನತೊಡಗಿದ್ದರು. ಆ ಹೆಸರು ಹೋಗಿಬಿಟ್ಟರೆ ಮತ್ತೆ ಅಣಕ ಶುರುವಾಗುತ್ತದೆ ಎಂಬ ಭಯ ನನಗೆ. ಹಾಗಾಗಿ ಬೆರಳು ತಾಗಿದರೂ ತಾಗಿಲ್ಲ ಎಂದು ವಾದಿಸುವುದನ್ನು ಕಲಿತಿದ್ದೆ.

ಪಕ್ಕದ ಮನೆಯ ಸುಗುಣ ನನ್ನದೇ ಕ್ಲಾಸು. ಅವರು ಆನೇಕಲ್ ಕಡೆಯವರು. ಸಣ್ಣ ಮೈಯ, ಮೆಲು ದನಿಯ ಹುಡುಗಿ. ಉಪ್ಪು ಖಾರ ಹಚ್ಚಿದ ಮಾವಿನಕಾಯಿಯಲ್ಲಿ ದೊಡ್ಡ ಹೋಳನ್ನು ನನಗೇ ಕೊಡುತ್ತಿದ್ದವಳು. ಆ ಏಪ್ರಿಲ್‌ನ ಒಂದು ಸಂಜೆ ಅವಳು ನನ್ನ ಬೆನ್ನು ಮುಟ್ಟಿದಳು. ಅವಳ ನಾಲ್ಕು ಬೆರಳುಗಳೂ ನನಗೆ ತಿಳಿದವು. ಮುಟ್ಟಿಲ್ಲ ಎಂದೆ. ಮುಟ್ಟಿದೆ ಎಂದಳು. ಎಲ್ಲರೂ ಸುತ್ತ ಸೇರಿದರು. ಬೇರೆ ದಾರಿ ಕಾಣದೆ ನಾನು "ಅವ್ವನಾಣೆ, ಮುಟ್ಟಿಲ್ಲ" ಅಂದುಬಿಟ್ಟೆ. ಆಣೆಯ ಮುಂದೆ ಯಾರೂ ಮಾತಾಡುವ ಹಾಗಿರಲಿಲ್ಲ. ಸುಗುಣ ಠೂ ಬಿಟ್ಟು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅವ್ವನಿಗೆ ಜ್ವರ.

ಸುಳ್ಳು ಆಣೆ ಹಾಕಿದರೆ, ಯಾರ ಮೇಲೆ ಹಾಕಿದೆವೋ ಅವರು ಸಾಯುತ್ತಾರೆ ಎಂಬುದು ನಮ್ಮ ವಠಾರದ ಮಕ್ಕಳಿಗೆಲ್ಲ ಗೊತ್ತಿದ್ದ ಕಾನೂನು. ಗಾರ್ಮೆಂಟ್ಸ್ ಕೆಲಸಕ್ಕೆ ಒಂದು ದಿನವೂ ತಪ್ಪಿಸದ ಅವ್ವ ಎರಡು ದಿನ ಕೌದಿ ಹೊದ್ದು ಮಲಗಿದಳು. ನಾನು ಗಂಜಿ ಕಾಯಿಸಿದೆ, ಹಣೆಗೆ ಒದ್ದೆ ಬಟ್ಟೆ ಹಾಕಿದೆ, ಯಾರಿಗೂ ಏನೂ ಹೇಳಲಿಲ್ಲ. ಮೂರನೇ ದಿನ ಅವ್ವ ಎದ್ದು ಕೆಲಸಕ್ಕೆ ಹೋದಳು. ಜ್ವರ ಬಿಟ್ಟರೂ ನನ್ನ ಭಯ ಬಿಡಲಿಲ್ಲ. ಜ್ವರ ಎಲ್ಲೋ ಹೊರಗೆ ಹೋಗಿದೆ, ಮತ್ತೆ ಬರುತ್ತದೆ ಎಂದೇ ಅಂದುಕೊಂಡಿದ್ದೆ.

ಆ ವಾರವೇ ನಮ್ಮ ಸರ್ಕಾರಿ ಶಾಲೆಯಲ್ಲಿ ಹತ್ತು ದಿನದ ಶಿಬಿರ ಶುರುವಾಯಿತು. ಸಿಟಿಯ ಯಾವುದೋ ಕಾಲೇಜಿನಿಂದ ಒಬ್ಬ ಅಕ್ಕ ಎರಡು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಬರುತ್ತಿದ್ದರು. ಅವರ ಹೆಸರನ್ನು ನಾವು ಕೇಳಲೇ ಇಲ್ಲ, ಅಕ್ಕ ಎಂದರೆ ಸಾಕಾಗಿತ್ತು. ಪೆಟ್ಟಿಗೆಯಲ್ಲಿ ಸಾಸಿವೆ ಡಬ್ಬಿಯ ಹಾಗೆ ಸಣ್ಣ ಸಣ್ಣ ಡಬ್ಬಿಗಳು. ಅವುಗಳ ತುಂಬ ಮಣಿಯಷ್ಟು ಬಲ್ಬುಗಳು, ವೈರುಗಳು, ಸಣ್ಣ ಬ್ಯಾಟರಿಗಳು, ಗುಂಡಿಯಂಥ ಬಝರ್‌ಗಳು. ಒಂದು ಪೊಟ್ಟಣದಲ್ಲಿ ಬೂದು ಬಣ್ಣದ ಬಟ್ಟೆಯಿತ್ತು. ಅದರಲ್ಲಿ ಕರೆಂಟು ಹರಿಯುತ್ತದೆ ಎಂದು ಅಕ್ಕ ಹೇಳಿದಾಗ ನಾವೆಲ್ಲ ಕೈ ಹಿಂದೆ ತೆಗೆದುಕೊಂಡೆವು. ಈ ಬ್ಯಾಟರಿಯ ಕರೆಂಟು ಇರುವೆಯಷ್ಟೂ ಕಚ್ಚುವುದಿಲ್ಲ ಎಂದು ಅವರು ತಮ್ಮ ಕೆನ್ನೆಗೇ ಒತ್ತಿ ತೋರಿಸಿದರು.

ಹಾಜರಿ ಪುಸ್ತಕದ ಪ್ರಕಾರ ಇಬ್ಬಿಬ್ಬರ ಜೋಡಿ ಮಾಡಿದರು. ಶರಣಮ್ಮ ಎಂಬ ನನ್ನ ಹೆಸರಾದ ಮೇಲೆ ಸುಗುಣ. ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು.

ಮೈಮೇಲೆ ತೊಡುವಂಥದ್ದು, ಆಟಕ್ಕೆ ಬರುವಂಥದ್ದು ಏನು ಬೇಕಾದರೂ ಮಾಡಿ ಎಂದರು ಅಕ್ಕ. ಒಂದು ಜೋಡಿ ಕಣ್ಣು ಮಿಟುಕಿಸುವ ಟೋಪಿ ಎಂದಿತು. ಇನ್ನೊಂದು ಜೋಡಿ ಹೆಜ್ಜೆ ಇಟ್ಟರೆ ಬೆಳಗುವ ಚಪ್ಪಲಿ ಎಂದಿತು. ನಮ್ಮ ಸರದಿ ಬಂದಾಗ ಸುಗುಣ ನನ್ನ ಕಡೆ ನೋಡದೆ ಹೇಳಿದಳು: "ಅಕ್ಕಾ, ಮುಟ್ಟಿದ್ರೂ ಮುಟ್ಟಿಲ್ಲ ಅಂತಾರೆ. ಅದಕ್ಕೊಂದು ಮಾಡ್ಬೇಕು."

ನನ್ನ ಕಿವಿ ಬಿಸಿಯಾಯಿತು. ಅಕ್ಕನಿಗೆ ಮಾತ್ರ ಈ ಯೋಚನೆ ಬಹಳ ಹಿಡಿಸಿತು. ಹಳೆಯ ಯೂನಿಫಾರ್ಮ್ ಅಂಗಿಯ ಬೆನ್ನಿಗೆ ಆ ಬೂದು ಬಟ್ಟೆಯ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಹೊಲಿಯುವುದು. ಎರಡು ಪಟ್ಟಿಗಳ ಮೇಲೆ ಬೆರಳು ಬಿದ್ದರೆ ಆ ಬೆರಳಿನ ಮೂಲಕವೇ ಚೂರು ಕರೆಂಟು ದಾಟುತ್ತದೆ. ಆ ಚೂರನ್ನು ಮೂರು ಕಾಲಿನ ಟ್ರಾನ್ಸಿಸ್ಟರ್‌ಗಳು ದೊಡ್ಡದು ಮಾಡಿ ಬಝರನ್ನು ಕೂಗಿಸುತ್ತವೆ. ಹೀಗೆಂದು ಅವರು ಕರಿಹಲಗೆಯ ಮೇಲೆ ಬರೆದು ತೋರಿಸಿದರು.

ಹೊಲಿಗೆ ನನ್ನದಾಯಿತು. ಬೆಸುಗೆ ಸುಗುಣಳದ್ದು, ಅವಳ ಕೈ ನಡುಗುತ್ತಿರಲಿಲ್ಲ. ಕಾದ ಕಡ್ಡಿ ತಾಗಿದಾಗ ಬೆಸುಗೆ ತಂತಿಯೊಳಗಿನ ರಾಳದಿಂದ ಏಳುತ್ತಿದ್ದ ಹೊಗೆ ದೇವರ ಮನೆಯ ಧೂಪವನ್ನು ನೆನಪಿಸುತ್ತಿತ್ತು. ನಾವು ಆಡಿದ್ದು ಕತ್ತರಿ, ದಾರ, ಹಿಡಿ, ಬಿಡು ಎಂಬ ಮಾತುಗಳನ್ನಷ್ಟೇ. ಆದರೆ ಆರನೇ ದಿನ ಬಝರ್ ಮೊದಲ ಸಲ ಕುಯ್ ಎಂದಾಗ ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟೆವು. ಆಮೇಲೆ ಠೂ ನೆನಪಾಗಿ ಇಬ್ಬರೂ ಮುಖ ತಿರುಗಿಸಿಕೊಂಡೆವು.

ಕೊನೆಯ ದಿನ ಭಾನುವಾರ. ಅಪ್ಪ ಅಮ್ಮಂದಿರೂ ಬಂದಿದ್ದರು. ಅವ್ವ ಬೇವಿನ ಮರದ ನೆರಳಲ್ಲಿ ನಿಂತಿದ್ದಳು. ಶಾಲೆಯ ಅಂಗಳದಲ್ಲಿ ನಾನು ಅಂಗಿ ತೊಟ್ಟು ಓಡಬೇಕು, ಸುಗುಣ ಅಟ್ಟಿಸಿಕೊಂಡು ಬರಬೇಕು ಎಂದಾಯಿತು. ರಣಬಿಸಿಲು. ಧ್ವಜದ ಕಟ್ಟೆಯನ್ನು ಮೂರು ಸುತ್ತು ಹಾಕಿಸಿದೆ. ಅವಳ ಉಸಿರು ಬೆನ್ನಿಗೆ ಹತ್ತಿರವಾಗುತ್ತಿದ್ದಾಗಲೇ ಬಝರ್ ಕೂಗಿತು. ಎಲ್ಲರೂ ಔಟ್ ಎಂದು ಚಪ್ಪಾಳೆ ತಟ್ಟಿದರು.

ನನ್ನ ಬೆನ್ನಿಗೆ ಏನೂ ತಾಗಿರಲಿಲ್ಲ. ಆದರೆ ನಾನು ಹೇಳಿದರೆ ಯಾರು ನಂಬುತ್ತಾರೆ? ಮುಟ್ಟಿಲ್ಲ ಎಂಬ ಮಾತನ್ನು ನಾನೇ ಸವೆಸಿ ಹಾಕಿದ್ದೆ.

"ನಾನು ಮುಟ್ಟಿಲ್ಲ ಅಕ್ಕಾ," ಎಂದಳು ಸುಗುಣ, ಏದುಸಿರು ಬಿಡುತ್ತ. "ಕೈ ತಾಗೋಕೆ ಮುಂಚೇನೇ ಕೂಗ್ತು."

ಅಂಗಿ ಇನ್ನೂ ಕೂಗುತ್ತಲೇ ಇತ್ತು. ಅಕ್ಕ ಬಂದು ನನ್ನ ಬೆನ್ನು ಮುಟ್ಟಿ ನೋಡಿದರು. ಬಟ್ಟೆ ತೊಪ್ಪೆಯಾಗಿತ್ತು. ಬೆವರಿನ ಉಪ್ಪುನೀರಿನಲ್ಲೇ ಕರೆಂಟು ದಾಟುತ್ತಿದೆ ಎಂದು ಅವರು ಎಲ್ಲರಿಗೂ ವಿವರಿಸುತ್ತಿದ್ದರು. ನನಗೆ ಅದೊಂದೂ ಕೇಳಿಸಲಿಲ್ಲ. ಸುಗುಣ ಸುಮ್ಮನಿದ್ದಿದ್ದರೆ ಗೆಲ್ಲುತ್ತಿದ್ದಳು. ನನ್ನ ಮೇಲೆ ಸಿಟ್ಟಿದ್ದೂ ಸುಮ್ಮನಿರಲಿಲ್ಲ.

"ಸುಗುಣಾ, ಅವತ್ತು ನೀನು ಮುಟ್ಟಿದ್ದೆ," ಎಂದೆ.

"ಗೊತ್ತು ಕಣೇ," ಎಂದಳು. "ನಾಲ್ಕು ಬೆರಳೂ ತಾಗಿತ್ತು."

ಅಷ್ಟು ಕೇಳಿದ್ದೇ ನನಗೆ ಅಳು ಒತ್ತರಿಸಿಕೊಂಡು ಬಂತು. ಅವ್ವನ ಹತ್ತಿರ ಓಡಿ ಆಣೆಯ ಕಥೆ, ಜ್ವರದ ಕಥೆ ಎಲ್ಲವನ್ನೂ ಹೇಳಿಬಿಟ್ಟೆ. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಿನ್ ಆಣಿಗೆ ಸಾಯಾಕ ನಾ ಏನ್ ಅಷ್ಟು ಹಗುರ ಅದೀನೇನು? ಮಳ್ಯಾಗ ತೊಯ್ಸಿಕೊಂಡು ಬಂದಿದ್ದೆ, ಜ್ವರ ಬಂತು. ಆದ್ರ ಸುಳ್ಳಿಗೆ ನನ್ ಹೆಸರು ತರಬ್ಯಾಡ."

ಆಮೇಲೆ ಅಂಗಿಯನ್ನು ತಿರುಗಿಸಿ ನೋಡಿ, ಒಳಗೆ ಅಸ್ತರಿ ಕೊಡದೆ ಹೊಲಿದರೆ ಇನ್ನೇನಾಗುತ್ತದೆ ಎಂದು ಬೈದಳು. ಚಹಾಕ್ಕೆ ತಂದಿದ್ದ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕನ್ನು ತೊಳೆದು, ಒರೆಸಿ, ಬೆನ್ನಿಗೂ ಪಟ್ಟಿಗೂ ನಡುವೆ ಅಲ್ಲಿಯೇ ಕೂತು ಹೊಲಿದು ಕೊಟ್ಟಳು. ಅಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವ್ವನ ಸೂಜಿಯನ್ನೇ ನೋಡುತ್ತಿದ್ದರು. ಅಂಗಿ ಒಣಗಿದ ಮೇಲೆ ಮತ್ತೆ ಓಡಿದೆವು. ಐದನೇ ಸುತ್ತಿನಲ್ಲಿ ಸುಗುಣ ನನ್ನನ್ನು ಮುಟ್ಟಿದಳು, ಬಝರ್ ಕೂಗಿತು, ಅದಕ್ಕಿಂತ ಮೊದಲೇ ನಾನು ಔಟ್ ಎಂದು ಕೂಗಿದ್ದೆ.

ಎರಡು ವರ್ಷದೊಳಗೆ ಆ ಸೈಟಿನಲ್ಲಿ ನಾಲ್ಕು ಅಂತಸ್ತಿನ ಪೀಜಿ ಕಟ್ಟಡ ಎದ್ದಿತು. ಈಗ ಆ ಬೀದಿಯಲ್ಲಿ ಮಕ್ಕಳು ಓಡುವಷ್ಟು ಜಾಗ ಎಲ್ಲೂ ಇಲ್ಲ. ಅಂಗಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಕ್ಕ ಮತ್ತೆ ಬರಲಿಲ್ಲ. ಹೆಸರೇ ಕೇಳಿಟ್ಟುಕೊಳ್ಳದವಳು ಅವರನ್ನು ಹುಡುಕುವುದಾದರೂ ಹೇಗೆ? ಸುಗುಣ ಮದುವೆಯಾಗಿ ಹೊಸೂರಿಗೆ ಹೋದಳು. ಹಬ್ಬಕ್ಕೊಮ್ಮೆ ಫೋನು ಮಾಡುತ್ತೇವೆ.

ನಾನು ಈಗ ಸಿಂಗಸಂದ್ರದ ಹತ್ತಿರ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿಯೂ ಅಂಗಳವೆಂದರೆ ಎರಡು ಸ್ಕೂಲ್ ವ್ಯಾನು ನಿಲ್ಲುವಷ್ಟು ಜಾಗ. ಯಾರೋ ದಾನ ಕೊಟ್ಟ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೆಟ್ಟಿಗೆಯೊಂದು ಕಳೆದುಹೋಗುತ್ತದೆಂಬ ಹೆದರಿಕೆಗೆ ಬೀರುವಿನಲ್ಲೇ ಬೀಗ ಹಾಕಿಕೊಂಡು ಕೂತಿತ್ತು. ಹೋದ ತಿಂಗಳು ಹೆಡ್ ಮೇಡಂ ಹತ್ತಿರ ಕೀಲಿ ಕೇಳಿ ತೆಗೆದೆ. ಎಲ್ಲವನ್ನೂ ಒಂದು ಮೇಜಿನ ಮೇಲೆ ಸುರಿದು, ಏನು ಬೇಕಾದರೂ ಮಾಡಿ ಎಂದು ಮಕ್ಕಳಿಗೆ ಹೇಳಿದೆ. ಕೊನೆಯ ಬೆಲ್ಲು ಹೊಡೆಯಿತು. ಮನೆಗೆ ಹೋಗಲು ಯಾರೂ ಏಳಲಿಲ್ಲ.