ಸಾರಿನ ನೆಪದಲ್ಲಿ ಕಾಲೇಜು ಹುಡುಕಿದ್ದು

ನಮ್ಮಪ್ಪನಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಅತ್ಯಂತ ದೊಡ್ಡದು ಸಾರಿನ ಬಗ್ಗೆ ಹೇಳಿದ್ದು. ಎಪ್ಪತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ತಗಡಿನ ಟ್ರಂಕು ಹೊತ್ತು ಪಿಯುಸಿಗೆ ಸೇರಿದವನು, ಹಾಸ್ಟೆಲಿನಿಂದ ಎಂಟನೇ ದಿನಕ್ಕೆ ನಮ್ಮೂರು ತಾಳ್ಯಕ್ಕೆ ಓಡಿ ಬಂದಿದ್ದೆ. "ಯಾಕಲೇ ಬಂದೆ?" ಎಂದು ಅಪ್ಪ ಕೇಳಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಅಲ್ಲಿ ಸಾರು ಬರೀ ನೀರಪ್ಪ."

ಪಾಪ, ಆ ಸಾರು ಚೆನ್ನಾಗಿಯೇ ಇತ್ತು. ಕಾರಣ ನಾನು. ಜೊತೆಯ ಹುಡುಗರೆಲ್ಲ ಹುಡುಗಿಯರ ಕನಸು ಕಾಣುತ್ತಿದ್ದ ವಯಸ್ಸಿನಲ್ಲಿ ನನ್ನ ಕನಸಿಗೆ ಆ ಹುಡುಗರೇ ಬರುತ್ತಿದ್ದರು. ಇವತ್ತು ನನ್ನಂಥವರಿಗೆ ಮರ್ಯಾದೆಯ ಹೆಸರುಗಳಿವೆ. ಆಗ ಇದ್ದದ್ದು ಬೈಗುಳ ಮಾತ್ರ, ಅದಕ್ಕೇನೂ ಬರವಿರಲಿಲ್ಲ. ಕನಸು ಯಾರ ಕಣ್ಣಿಗೂ ಬೀಳುವುದಿಲ್ಲ, ಬಿಡಿ. ಆದರೆ ನನ್ನ ನಡಿಗೆ, ಕೈ ತಿರುಗಿಸಿ ಮಾತಾಡುವ ರೀತಿ ಎಲ್ಲರ ಕಣ್ಣಿಗೂ ಬೀಳುತ್ತಿತ್ತಲ್ಲ! ನಮ್ಮ ಕಡೆಯ ಹಾಸ್ಟೆಲುಗಳಲ್ಲಿ ಸಾಲಾಗಿ ಕೂತ ಮೇಲೆ ಕೊನೆಯವನಿಗೆ ಬಡಿಸುವ ತನಕ ಯಾರೂ ಮುದ್ದೆ ಮುರಿಯುವಂತಿಲ್ಲ ಎಂಬುದು ಪದ್ಧತಿ. ನಾನು ಸೇರಿದ್ದ ಕಡೆ ಮಾತ್ರ ನಾನು ಕೂರುವ ಮೊದಲೇ ಎಲ್ಲರೂ ಮುರಿಯುತ್ತಿದ್ದರು. "ಹೆಂಗಸ್ರು ಆಮೇಲೆ ಉಣ್ಣಬೇಕಲೇ" ಎಂದು ಒಬ್ಬ ಹೇಳುವನು, ಸಾಲಿಗೆ ಸಾಲೇ ನಗುವುದು. ಹೆಂಗಸರು ಆಮೇಲೆ ಉಣ್ಣಬೇಕೆಂದು ಅವರಿಗೆ ಕಲಿಸಿದವರು ಯಾರು ಎಂಬುದು ಬೇರೆಯೇ ಪ್ರಬಂಧ. ಅದನ್ನು ನಮ್ಮವ್ವ ಬರೆಯಬೇಕಿತ್ತು.

ಅಪ್ಪ ಕುರಿ ಕಾಯುವವನು. ನನ್ನ ಮಾತನ್ನು ಹಾಗೇ ನಂಬಿದ. "ಕೂಳು ಸರಿ ಇಲ್ದಿದ್ರೆ ವಿದ್ಯೆ ಎಲ್ಲಿ ಹತ್ತುತೈತೆ? ಬೇರೆ ಕಾಲೇಜು ನೋಡಾಣ. ಸಿಗದಿದ್ರೆ ಕುರಿ ಕಾಯಿ, ಶ್ರಾವಣದಾಗೆ ನಿಮ್ಮಾವನ ಮಗಳನ್ನ ಮನೆ ತುಂಬಿಸ್ಕಳಾಣ" ಎಂದ. ಕುರಿಗಳ ಬಗ್ಗೆ ನನ್ನ ತಕರಾರಿರಲಿಲ್ಲ. ಮಾವನ ಮಗಳು ಗೌರಿಯೂ ಒಳ್ಳೆಯ ಹುಡುಗಿ. ಅವಳಿಗೆ ನನ್ನನ್ನು ಕಟ್ಟಿದರೆ ಇಬ್ಬರ ಬಾಳೂ ಹಾಳು ಎಂದು ನನಗೊಬ್ಬನಿಗೇ ಗೊತ್ತಿತ್ತು. ಶ್ರಾವಣಕ್ಕೆ ಎರಡೇ ತಿಂಗಳು. ಕಾಲೇಜು ಸಿಗಲೇಬೇಕಿತ್ತು.

ಹೆಣ್ಣು ನೋಡುವುದಕ್ಕೆ, ಎತ್ತಿನ ಸುಳಿ ನೋಡುವುದಕ್ಕೆ, ಬಾವಿ ತೋಡುವ ಜಾಗ ನೋಡುವುದಕ್ಕೆ ನಮ್ಮಲ್ಲಿ ಶಾಸ್ತ್ರಗಳಿವೆ. ಕಾಲೇಜು ನೋಡುವುದಕ್ಕೆ ಯಾವ ಪುಣ್ಯಾತ್ಮನೂ ಶಾಸ್ತ್ರ ಬರೆದಿಟ್ಟಿಲ್ಲ. ಪ್ರಾಸ್ಪೆಕ್ಟಸ್ಸಿನಲ್ಲಿ ಪ್ರಯೋಗಾಲಯ ಎಷ್ಟು, ವಾಲಿಬಾಲ್ ಅಂಕಣ ಎಷ್ಟು ಎಂದೆಲ್ಲ ಇರುತ್ತಿತ್ತು. ನನ್ನಂಥವನನ್ನು ಕಂಡರೆ ಇಲ್ಲಿಯವರು ಏನು ಮಾಡುತ್ತಾರೆ ಎಂಬುದಕ್ಕೆ ಕಾಲಂ ಇರುತ್ತಿರಲಿಲ್ಲ. ಕೊನೆಗೆ ಅಪ್ಪನ ಶಾಸ್ತ್ರವನ್ನೇ ಕದ್ದೆ. ಕುರಿ ಕೊಳ್ಳಲು ಹೋದಾಗ ಅವನು ಟಗರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ಟಗರು ಎಲ್ಲರ ಹಿಂಡಿನಾಗೂ ಕೊಬ್ಬಿರ್ತೈತೆ. ಕುಂಟ್ ಕುರಿ ಮೈ ಮುಟ್ಟಿ ನೋಡು, ಕಾಯೋನು ಎಂಥೋನು ಅಂತ ಗೊತ್ತಾಗ್ತೈತೆ" ಎನ್ನುತ್ತಿದ್ದ. ನಾನೇನೂ ಕುಂಟನಲ್ಲ, ನಡಿಗೆ ಬೇರೆ ಅಷ್ಟೆ. ಆದರೂ ಉಪಾಯ ಒಳ್ಳೆಯದೇ. ಹೋದ ಕಡೆಯಲ್ಲೆಲ್ಲ ನನ್ನಂಥವನೊಬ್ಬನನ್ನು ಪತ್ತೆ ಹಚ್ಚುವುದು, ಅವನು ಹೇಗಿದ್ದಾನೆಂದು ನೋಡುವುದು.

ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸಿ ಹೊರಟೆವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ. ಅಪ್ಪನ ಹೆಗಲಲ್ಲಿ ಕಂಬಳಿ, ನನ್ನ ಕಾಲಿಗೆ ಹೊಸ ಬೆಲ್ ಬಾಟಂ, ಜೋಗಿಮಟ್ಟಿ ಗುಡ್ಡದ ಮೇಲೆ ಮೋಡ. ಯಾವ ಊರಿನಲ್ಲಿ ಏನಾಯಿತೆಂದು ಹೇಳುವುದಿಲ್ಲ. ಒಳ್ಳೆಯದರ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಉಳಿದವು ತಾವಾಗಿಯೇ ಗೊತ್ತಾಗಿ ಜಗಳವಾದೀತು.

ಅಪ್ಪ ಆಫೀಸಿಗೆ ಹೋಗುತ್ತಿರಲಿಲ್ಲ, ನೆಟ್ಟಗೆ ಹಾಸ್ಟೆಲಿನ ಅಡಿಗೆಮನೆಗೆ ಹೋಗುತ್ತಿದ್ದ. ಅಂಗೈಗೆ ಸಾರು ಹಾಕಿಸಿಕೊಂಡು, ಕಣ್ಣು ಮುಚ್ಚಿ ಹೀರುತ್ತಿದ್ದ. "ಏನ್ರೀ ಯಜಮಾನ್ರೆ, ಮಗನ್ನ ಸೇರ್ಸಾಕೆ ಬಂದೀರೋ, ಸಾರು ಕೊಳ್ಳಾಕೆ ಬಂದೀರೋ?" ಎಂದು ಮೊದಲನೆಯ ಕಡೆಯ ಅಡಿಗೆಯವನು ಕೇಳಿಯೇಬಿಟ್ಟ. ಅಲ್ಲಿಯ ಸಾರು ಅಮೃತ. ಆದರೆ ನಾನು ಆಗಲೇ ಮೆಟ್ಟಿಲ ಕೆಳಗೆ ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣುತ್ತಿದ್ದ ಹುಡುಗನನ್ನು ನೋಡಿದ್ದೆ. "ಹುಳಿ ಜಾಸ್ತಿ ಐತಪ್ಪ" ಎಂದೆ. ಎರಡನೆಯ ಕಡೆ ನನ್ನಂಥವನು ಒಬ್ಬನೂ ಕಾಣಲಿಲ್ಲ. ಅದು ಇನ್ನೂ ಹೆದರಿಕೆ; ಎಲ್ಲಿ ಅಡಗಿಕೊಂಡಿದ್ದಾನೋ! "ಉಪ್ಪು ಕಮ್ಮಿ" ಎಂದೆ. "ನಿನ್ನ ನಾಲಿಗೆ ಅರಮನೇಲಿ ಹುಟ್ಟೈತೇನಲೇ?" ಎಂದು ಅಪ್ಪ ರೇಗಿದ. ಇನ್ನೊಂದೇ ಕಾಲೇಜು, ಆಮೇಲೆ ಊರು ಎಂದ.

ಮೂರನೆಯ ಹಾಸ್ಟೆಲಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಎಲ್ಲರ ತಟ್ಟೆಯಲ್ಲೂ ಮುದ್ದೆ ಬಿದ್ದಿದೆ, ಹಬೆಯಾಡುತ್ತಿದೆ, ಒಬ್ಬನೂ ಕೈ ಹಾಕಿಲ್ಲ. ಸಾಲಿನ ನಡುವೆ ಒಂದು ಜಾಗ ಖಾಲಿ. ಅಷ್ಟರಲ್ಲಿ ಬಂದ ನೋಡಿ ರುದ್ರೇಶ! ಹೂವಿನ ಅಂಗಿ, ಕಣ್ಣಿಗೆ ತೆಳ್ಳಗೆ ಕಾಡಿಗೆ, ನನ್ನದಕ್ಕಿಂತ ಒಂದು ಕೈ ಮೇಲಾದ ನಡಿಗೆ. "ಲೇ ರುದ್ರೇಶಿ, ಮುದ್ದೆ ಕಲ್ಲಾತಲ್ಲೋ!" ಎಂದು ಪೈಲ್ವಾನನಂಥವನೊಬ್ಬ ಕೂಗಿದ. "ಕಲ್ಲಾದ್ರೆ ಏನಪ್ಪ, ನಿನ್ನ ಹಲ್ಲೇನು ಮಣ್ಣಿಂದ?" ಎಂದು ರುದ್ರೇಶ ಕೈ ತಿರುಗಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಪೈಲ್ವಾನ ಅವನಿಗೆ ಜಾಗ ಒರೆಸಿಕೊಟ್ಟ. ಅವನು ಕೂತ ಮೇಲೆ ಒಟ್ಟಿಗೇ ಮುದ್ದೆ ಮುರಿದರು. ನನಗೆ ಕುಣಿಯಬೇಕೆನಿಸಿತು! ಕಂಬ ಹಿಡಿದುಕೊಂಡು ನಿಂತೆ, ಇಲ್ಲದಿದ್ದರೆ ಕುಣಿದೇ ಬಿಡುತ್ತಿದ್ದೆ.

ಅಪ್ಪ ಸಾರು ಹೀರಿ ಮುಖ ಕಿವುಚಿದ. "ಇದು ನಿಜವಾಗ್ಲೂ ನೀರು ಕಣಲೇ."

"ಗಟ್ಟಿಯಾಗೈತಪ್ಪ! ಬಾಳ ರುಚಿ ಐತೆ!" ಎಂದು ಕೂಗಿದೆ. ನಾನಿನ್ನೂ ಒಂದು ತೊಟ್ಟನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಅಪ್ಪ ನನ್ನನ್ನು ನೋಡಿದ. ಸಾಲನ್ನು ನೋಡಿದ, ರುದ್ರೇಶನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ವಾರ್ಡನ್ನರ ಮುಂದೆ ಹೋಗಿ ಕೈ ಮುಗಿದ. "ನಿಮ್ಮ ಸಾರು ಚೆನ್ನಾಗಿಲ್ರಿ. ಆದ್ರೆ ಹುಡುಗ್ರು ಒಬ್ಬನಿಗೋಸ್ಕರ ಕಾಯ್ತಾರೆ. ಇವನ್ನ ಸೇರಿಸ್ಕಳ್ರಿ" ಎಂದ. ಅವನಿಗೆ ಎಷ್ಟು ತಿಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ, ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಗೌರಿಯ ಮಾತನ್ನು ಮಾತ್ರ ಆಮೇಲೆ ಅವನು ಎತ್ತಲಿಲ್ಲ.

ಸೇರಿದ ದಿನ ಊಟದ ಗಂಟೆ ಹೊಡೆದಾಗ ನಾನು ಬೇಕೆಂದೇ ಹೋಗಲಿಲ್ಲ. ಕಾಯುವುದು ರುದ್ರೇಶನಿಗೆ ಮಾತ್ರವೋ, ನನಗೂ ಉಂಟೋ? ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತು ಕಿವಿಗೊಟ್ಟೆ. ತಟ್ಟೆಯ ಸದ್ದಿಲ್ಲ. ಎಷ್ಟೋ ಹೊತ್ತಿಗೆ ಕೆಳಗಿನಿಂದ ಹತ್ತು ಗಂಟಲು ಒಟ್ಟಿಗೆ ಸಿಡಿದವು: "ಲೇ ತಾಳ್ಯದೋನೆ, ಎಲ್ಲಿ ಸತ್ತಿದೀಯೋ? ನಮ್ಮನ್ನೇನು ಉಪವಾಸ ಕೆಡವ್ತೀಯೇನೋ?"

ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಬೈಗುಳ ಕೇಳಿರಲಿಲ್ಲ. ಮೂರು ಮೂರು ಮೆಟ್ಟಿಲು ಹಾರಿ ಇಳಿದೆ.